ಹದ್ದು ಯಾವ ಕಡೆ ನೋಡುತ್ತಿತ್ತು

ಸ್ವೀಡನ್ನಿನ ಲುಂಡ್‌ನಲ್ಲಿ ನಾವಿದ್ದ ಕಟ್ಟಡದ ಬಟ್ಟೆ ಒಗೆಯುವ ಕೋಣೆ ನೆಲಮಾಳಿಗೆಯಲ್ಲಿತ್ತು. ಅದರ ಬಾಗಿಲ ಪಕ್ಕದ ಮರದ ಹಲಗೆಯ ಮೇಲೆ ವಾರದ ದಿನಗಳು, ಗಂಟೆಗಳು, ಪ್ರತಿ ಸರದಿಗೂ ಒಂದು ತೂತು. ಪ್ರತಿ ಮನೆಗೂ ಸಂಖ್ಯೆ ಕೊರೆದ ಒಂದು ಪುಟ್ಟ ಬೀಗ ಕೊಟ್ಟಿದ್ದರು. ಯಾವ ತೂತಿಗೆ ನಮ್ಮ ಬೀಗ ಹಾಕುತ್ತೇವೋ ಆ ಸರದಿ ನಮ್ಮದು. ಬೇರೆಯವರ ಸರದಿಯಲ್ಲಿ ಐದು ನಿಮಿಷ ಹೆಚ್ಚು ನಿಂತರೂ ಮರುದಿನ ಗೋಡೆಯ ಮೇಲೆ ಹೆಸರಿಲ್ಲದ ಚೀಟಿ ಬೀಳುತ್ತಿತ್ತು.

ನನ್ನ ಸರದಿ ಗುರುವಾರ ಬೆಳಿಗ್ಗೆ ಹತ್ತಕ್ಕೆ. ಎಂಟರಿಂದ ಹತ್ತರವರೆಗೆ ಕೆಳಮನೆಯ ಮುದುಕರದ್ದು. ಎರಡು ಸಾವಿರದ ದಶಕದ ಮಧ್ಯಭಾಗ. ಹೆಂಡತಿಗೆ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಯ ಕೆಲಸ ಸಿಕ್ಕಿದ್ದರಿಂದ ನಾನು ಬೆಂಗಳೂರಿನ ಪತ್ರಿಕೆಯೊಂದರ ಡೆಸ್ಕ್ ಬಿಟ್ಟು ಬಂದಿದ್ದೆ. ಹದಿನಾರು ವರ್ಷ ಬೇರೆಯವರ ಸುದ್ದಿ ತಿದ್ದಿದವನಿಗೆ ಇಲ್ಲಿ ತಿದ್ದಲು ಏನೂ ಇರಲಿಲ್ಲ. ವಾರಕ್ಕೆರಡು ದಿನ ಸ್ವೀಡಿಷ್ ತರಗತಿ. ಉಳಿದ ದಿನಗಳಲ್ಲಿ ಸಂಜೆ ಆರರವರೆಗೆ ನಾನು ಯಾರೊಡನೆಯೂ ಮಾತಾಡದೆ ಇದ್ದದ್ದುಂಟು. ಹೀಗಾಗಿ ಗುರುವಾರ ಒಂಬತ್ತೂವರೆಗೇ ಬುಟ್ಟಿ ಹಿಡಿದು ಇಳಿಯುತ್ತಿದ್ದೆ. ಮುದುಕರು ಒಣಗಿದ ಬಟ್ಟೆ ಮಡಚುತ್ತಾ, "ಪತ್ರಿಕೆಯವರು ಅರ್ಧ ಗಂಟೆ ಮುಂಚೆ ಬಂದಿದ್ದಾರೆ, ಏನೋ ಅನಾಹುತವಾಗಿರಬೇಕು" ಎಂದು ಇಂಗ್ಲಿಷಿನಲ್ಲಿ ಚುಚ್ಚುತ್ತಿದ್ದರು. ಅವರೂ ಒಂಟಿ. ಹೆಂಡತಿ ತೀರಿಕೊಂಡು ಬಹಳ ವರ್ಷಗಳಾಗಿದ್ದವು.

ಅವರು ಯುದ್ಧಕಾಲದ ಜರ್ಮನ್ ಬೆಲ್ಟ್ ಬಕಲ್‌ಗಳನ್ನು ಸಂಗ್ರಹಿಸುತ್ತಿದ್ದರು. ಸೈನಿಕರದ್ದಲ್ಲ, ರಾಜತಾಂತ್ರಿಕರು ಮತ್ತು ಸರ್ಕಾರಿ ಅಧಿಕಾರಿಗಳು ಸಮಾರಂಭದ ಉಡುಪಿನ ಮೇಲೆ ಕಟ್ಟುತ್ತಿದ್ದ, ದುಂಡಗಿನ, ಬೆಳ್ಳಿ ಬಣ್ಣದವು. ತೋರಿಸಲು ಕೆಳಗೆ ತರುವಾಗ ನಡುವಿನ ಸ್ವಸ್ತಿಕದ ಮೇಲೆ ಬಿಳಿ ಕಾಗದದ ಚುಕ್ಕಿ ಅಂಟಿಸಿಕೊಂಡೇ ತರುತ್ತಿದ್ದರು. ನಮ್ಮ ಮನೆಯಲ್ಲೂ, ಹಬ್ಬದ ದಿನ ಹೆಂಡತಿಯ ಸಹೋದ್ಯೋಗಿಗಳು ಫೀಕಾಗೆ, ಅಂದರೆ ಕಾಫಿ ತಿಂಡಿಗೆ, ಬರುವ ಮುಂಚೆ, ಕಲಶದ ಮೇಲಿನ ಕುಂಕುಮದ ಸ್ವಸ್ತಿಕವನ್ನು ಗೋಡೆಯ ಕಡೆಗೆ ತಿರುಗಿಸಿ ಇಡುತ್ತಿದ್ದೆವು. ಅದನ್ನು ಹೇಳಿದಾಗ ಅವರು ನಗಲಿಲ್ಲ. ತಲೆಯಾಡಿಸಿದರು.

ಗುರುತಿಸುವುದನ್ನು ಅವರೇ ಕಲಿಸಿದರು. ಮೊದಲು ತೂಕ. ನಂತರ ಬೆನ್ನು: ಕೊಕ್ಕೆ ಹೇಗೆ ಬೆಸೆದಿದೆ, ತಯಾರಕರ ಗುರುತು ಇದೆಯೇ, ಸವೆತ ಬೆಲ್ಟ್ ತಾಗುವ ಜಾಗದಲ್ಲೇ ಇದೆಯೇ. ಕೊನೆಗೆ ಮುಂಭಾಗದಲ್ಲಿ ಕೆತ್ತಿದ ಹದ್ದು. ವಿನ್ಯಾಸ ಎರಡರಲ್ಲೂ ಒಂದೇ. ತಲೆ ಮಾತ್ರ ಬೇರೆ. ನೋಡುವವರ ಬಲಕ್ಕೆ ತಿರುಗಿದ್ದರೆ ರಾಜತಾಂತ್ರಿಕನದ್ದು, ಎಡಕ್ಕಿದ್ದರೆ ಸರ್ಕಾರಿ ಅಧಿಕಾರಿಯದ್ದು.

"ಏನ್ರೀ, ಎರಡು ಬುಟ್ಟಿ ಬಟ್ಟೆಗೆ ಮೂರು ಗಂಟೆನಾ?" ಎಂದು ಹೆಂಡತಿ ಒಮ್ಮೆ ಕೇಳಿದಳು. "ಆ ಅಜ್ಜನ ಜೊತೆ ಅಷ್ಟೊತ್ತು ಏನ್ ಮಾತಾಡ್ತೀರಾ?"

"ಬಕಲ್ ಬಗ್ಗೆ."

"ನನ್ ಜೊತೆ ಮೂರು ನಿಮಿಷ ಮಾತಾಡಲ್ಲ. ಬಕಲ್ ಬಗ್ಗೆ ಮೂರು ಗಂಟೆ!"

ಆ ಚಳಿಗಾಲದಲ್ಲಿ ಮುದುಕರು ಒಂದು ಫೋಟೊ ತಂದರು. ಕಪ್ಪು ಬಿಳುಪು. ಮೇಜಿನ ಮೇಲೆ ಒಂದು ಬಕಲ್, ಅದರ ಪಕ್ಕ ಅವರ ತಾಯಿ ಕಾರ್ಡಿಗನ್ ತೊಟ್ಟು ಕೂತಿದ್ದಾರೆ. ಆ ಬಕಲ್ ಅವರ ತಂದೆಯದ್ದು. ಯುದ್ಧದ ವರ್ಷಗಳಲ್ಲಿ ಸ್ಟಾಕ್‌ಹೋಮಿನ ಹೋಟೆಲೊಂದರಲ್ಲಿ ಬಡಿಸುತ್ತಿದ್ದಾಗ, ಊಟಕ್ಕೆ ಬರುತ್ತಿದ್ದ ಜರ್ಮನ್ ರಾಜತಾಂತ್ರಿಕನೊಬ್ಬ ಊರಿಗೆ ಮರಳುವ ಮುನ್ನ ಕೊಟ್ಟನೆಂದು ತಂದೆ ಹೇಳುತ್ತಿದ್ದರಂತೆ. ತಾಯಿ ತೀರಿಕೊಂಡಾಗ ಬಕಲ್ ಸ್ಟಾಕ್‌ಹೋಮ್ ಬಳಿಯ ಸೊಲ್ಲೆಂಟುನಾದಲ್ಲಿದ್ದ ಅಕ್ಕನ ಪಾಲಿಗೆ ಹೋಯಿತು. ಇವರ ಬಳಿ ಉಳಿದದ್ದು, ಚಿಕ್ಕಂದಿನಲ್ಲಿ ತಾವೇ ತೆಗೆದು ತಾವೇ ಸ್ನಾನದ ಕೋಣೆಯಲ್ಲಿ ಮುದ್ರಿಸಿದ ಈ ಚಿತ್ರ.

ನಿವೃತ್ತಿಯ ನಂತರ ಬಕಲ್‌ಗಳನ್ನು ಓದಲು ಕಲಿತಾಗ ಅವರು ಈ ಚಿತ್ರವನ್ನು ಮತ್ತೆ ತೆಗೆದು ನೋಡಿದರು. ಹದ್ದು ಎಡಕ್ಕೆ ನೋಡುತ್ತಿತ್ತು. ಅಂದರೆ ಸರ್ಕಾರಿ ಅಧಿಕಾರಿಯದ್ದು. ಅಂಥವರು ಗಡಿಯಾಚೆ, ಜರ್ಮನರು ಆಕ್ರಮಿಸಿದ ಊರುಗಳಲ್ಲಿ ಆಡಳಿತ ನಡೆಸುತ್ತಿದ್ದವರು. ತಂದೆ ಅಲ್ಲಿಗೆ ಹೋಗಿ ಅವರ ಚಾಕರಿ ಮಾಡಿದ್ದಾರೆ, ನಮಗೆ ಸುಳ್ಳು ಹೇಳಿದ್ದಾರೆ ಎಂದು ಅಕ್ಕನಿಗೆ ಪತ್ರ ಬರೆದರು. ಅಕ್ಕ ಅಂದಿನಿಂದ ಮಾತು ಬಿಟ್ಟಿದ್ದರು. ಒಂಬತ್ತು ವರ್ಷ.

"ಅವಳಿಗೆ ಎಂಬತ್ತೆರಡು," ಎಂದರು. "ಮಾತಾಡುವುದಿದ್ದರೆ ಈಗಲೇ ಮಾತಾಡಬೇಕು. ಆದರೆ ನಾನು ಬರೆದದ್ದು ನಿಜ. ನಿಜಕ್ಕೆ ಕ್ಷಮೆ ಕೇಳುವುದು ಹೇಗೆ?"

ನಾನು ಹದ್ದನ್ನು ನೋಡುತ್ತಿರಲಿಲ್ಲ. ನಮ್ಮ ಡೆಸ್ಕ್‌ನಲ್ಲಿ ಪುಟಕ್ಕೆ ಹೋಗುವ ಪ್ರತಿ ಚಿತ್ರಕ್ಕೂ ಒಂದು ಪರೀಕ್ಷೆಯಿತ್ತು: ಸೀರೆಯ ಸೆರಗು ಯಾವ ಹೆಗಲ ಮೇಲಿದೆ? ನಮ್ಮ ಕಡೆಯ ಹೆಂಗಸಿನ ಸೆರಗು ಬಲ ಹೆಗಲ ಮೇಲೆ ಕಂಡರೆ ಚಿತ್ರ ತಿರುಗುಮುರುಗಾಗಿದೆ ಎಂದೇ ಅನುಮಾನಿಸಬೇಕು. ಒಮ್ಮೆ ನನ್ನ ಕೈಯಿಂದಲೇ ಅಂಥದ್ದೊಂದು ತಪ್ಪಿಹೋಗಿ ಮರುದಿನ ತಿದ್ದುಪಡಿ ಹಾಕಬೇಕಾಗಿತ್ತು. ಇಲ್ಲಿ ಸೆರಗಿರಲಿಲ್ಲ. ಆದರೆ ತಾಯಿಯ ಕಾರ್ಡಿಗನ್‌ನ ಗುಂಡಿಗಳು ಹೆಂಗಸರ ಉಡುಪಿನಂತೆ ಎಡಕ್ಕಲ್ಲ, ಗಂಡಸರ ಅಂಗಿಯ ಹಾಗೆ ಬಲಬದಿಯಲ್ಲಿದ್ದವು. ವಾಚು ಬಲಗೈಯಲ್ಲಿತ್ತು.

"ನಿಮ್ಮಮ್ಮ ಎಡಚರೇ?" ಎಂದು ಕೇಳಿದೆ.

"ಅಲ್ಲ. ಏಕೆ?"

"ಗುಂಡಿಗಳನ್ನು ನೋಡಿ."

ಕನ್ನಡಕ ಏರಿಸಿ ನೋಡಿದರು. "ಅಪ್ಪನ ಕಾರ್ಡಿಗನ್ ಹಾಕಿಕೊಂಡಿರಬಹುದು."

"ಕೈಯನ್ನೂ ಅಪ್ಪನಿಂದಲೇ ಇಸಿದುಕೊಂಡಿದ್ದರೇ?"

ಮಡಚಿದ ಬಟ್ಟೆಯನ್ನು ಅಲ್ಲೇ ಬಿಟ್ಟು ಮೇಲೆ ಹೋದರು. ನೆಗೆಟಿವ್‌ಗಳ ಲಕೋಟೆಯೊಂದಿಗೆ ಮರಳುವಷ್ಟರಲ್ಲಿ ನನ್ನ ಸರದಿ ಶುರುವಾಗಿತ್ತು. ನೆಗೆಟಿವ್‌ನ ಹೊಳೆಯುವ ಮೈ ನಮ್ಮ ಕಡೆ, ಮಂಕು ಮೈ ಆಚೆಗಿದ್ದರೆ ಚಿತ್ರ ಸರಿಯಾಗಿ ಕಾಣುತ್ತದೆ. ಅವರು ಅದನ್ನು ಟ್ಯೂಬ್‌ಲೈಟಿಗೆ ಹಿಡಿದರು. ವಾಚು ಎಡಗೈಗೆ ಹೋಯಿತು. ಹದ್ದು ಬಲಕ್ಕೆ ತಿರುಗಿತು. ಹುಡುಗನಾಗಿದ್ದಾಗ ಅವರು ನೆಗೆಟಿವ್ ಮಗುಚಿ ಹಾಕಿ ಮುದ್ರಿಸಿದ್ದರು.

"ಹಾಗಾದರೆ ಅಪ್ಪ ಹೇಳಿದ್ದು ನಿಜ," ಎಂದರು.

"ಅಷ್ಟು ಹೇಳಲಾಗದು. ಬಕಲ್ ರಾಜತಾಂತ್ರಿಕನದ್ದು. ಅಪ್ಪನನ್ನು ಸುಳ್ಳುಗಾರ ಎನ್ನಲು ನಿಮಗಿದ್ದ ಕಾರಣ ಹೋಯಿತು, ಅಷ್ಟೇ."

"ನಿಮ್ಮ ಜೊತೆ ಬದುಕುವುದು ಹೆಂಡತಿಗೆ ಕಷ್ಟವಾಗಿರಬೇಕು."

ಅಕ್ಕನಿಗೆ ಪತ್ರ ಬರೆಯಲು ನನ್ನ ಸಹಾಯ ಕೇಳಿದರು. ಅವರ ಮೊದಲ ಕರಡು ಮೂರು ಪುಟ; ಬಾಲ್ಯ, ಅಮ್ಮನ ಅಡುಗೆ, ಹಿಮ ಎಲ್ಲವೂ ಅದರಲ್ಲಿತ್ತು. ತಿದ್ದುಪಡಿಯಲ್ಲಿ ಎರಡೇ ವಿಷಯ ಇರಬೇಕು ಎಂದೆ: ಏನು ತಪ್ಪಾಯಿತು, ಸರಿ ಯಾವುದು. ಕಾರಣ ಬೇಡ, ವಿಶೇಷಣ ಬೇಡ. ಕೊನೆಗೆ ನಾಲ್ಕು ಸಾಲು ಉಳಿಯಿತು. ಹಾಗೆ ಕತ್ತರಿಸಿದ್ದು ಸರಿಯೇ ಎಂದು ಆ ವಾರವೆಲ್ಲ ನನಗೆ ಅನುಮಾನವಿತ್ತು.

ಹತ್ತು ದಿನಗಳ ನಂತರ ಉತ್ತರ ಬಂತು. ಅದರಲ್ಲಿ ಮೂರೇ ಸಾಲು. ಅವರು ಅನುವಾದಿಸಿ ಓದಿದರು: "ಬಕಲ್ ಇಷ್ಟು ವರ್ಷವೂ ಇಲ್ಲೇ, ನನ್ನ ಡ್ರಾಯರಿನಲ್ಲೇ ಇತ್ತು. ಹದ್ದು ಯಾವ ಕಡೆ ನೋಡುತ್ತದೆ ಎಂದು ನೀನು ಕೇಳಲೇ ಇಲ್ಲ. ಬಂದು ನೋಡಬಹುದಿತ್ತು."

ಕಾಗದ ಮಡಚಿ ಜೇಬಿಗಿಟ್ಟುಕೊಂಡರು. "ನನಗಿಂತ ಒಂದು ಸಾಲು ಕಡಿಮೆ," ಎಂದರು. "ಅವಳು ನಿಮ್ಮ ಡೆಸ್ಕ್‌ನಲ್ಲಿರಬೇಕಿತ್ತು."

ಶನಿವಾರ ರೈಲು ಹತ್ತಿದರು. ನಿಲ್ದಾಣದವರೆಗೆ ಅವರ ಪೆಟ್ಟಿಗೆಯನ್ನು ನನ್ನ ಸೈಕಲ್ಲಿನ ಹಿಂದೆ ಕಟ್ಟಿ ತಳ್ಳಿಕೊಂಡು ಹೋದೆ. ಗುರುವಾರದೊಳಗೆ ಬರುತ್ತೇನೆ ಎಂದರು. ಯಾವುದಕ್ಕೂ ಇರಲಿ ಎಂದು ತಮ್ಮ ಪುಟ್ಟ ಬೀಗದ ಕೀಲಿಯನ್ನು ನನ್ನ ಕೈಗಿಟ್ಟರು.

ಆ ಗುರುವಾರ ಒಂಬತ್ತೂವರೆಗೆ ಇಳಿದೆ. ಹಲಗೆಯಲ್ಲಿ ಎಂಟರ ತೂತಿನಲ್ಲಿ ಅವರ ಬೀಗವಿತ್ತು. ಯಂತ್ರಗಳು ಖಾಲಿ ಇದ್ದವು. ಇನ್ನೊಬ್ಬರ ಸರದಿಯಲ್ಲಿ ಬಟ್ಟೆ ಹಾಕುವಂತಿಲ್ಲ. ಬುಟ್ಟಿಯನ್ನು ಕಾಲ ಬಳಿ ಇಟ್ಟುಕೊಂಡು ಹತ್ತರವರೆಗೆ ಬೆಂಚಿನ ಮೇಲೆ ಕೂತೆ. ಮುಂದಿನ ಎರಡು ಗುರುವಾರಗಳೂ ಹಾಗೇ ಹೋದವು. ನಂತರ ಒಂದು ಪೋಸ್ಟ್‌ಕಾರ್ಡ್ ಬಂತು. "ಬಲಕ್ಕೇ ನೋಡುತ್ತಿದೆ. ಇಬ್ಬರೂ ಸೇರಿ ನೋಡಿದೆವು. ಅವಳಿಗೆ ಮೆಟ್ಟಿಲು ಹತ್ತಲು ಆಗುವುದಿಲ್ಲ, ಬೇಸಿಗೆಯವರೆಗೆ ಇಲ್ಲೇ ಇರುತ್ತೇನೆ. ನನ್ನ ಬೀಗ ತೆಗೆದುಬಿಡಿ, ಬೇರೆಯವರಿಗೆ ಆ ಹೊತ್ತು ಬೇಕಾಗಬಹುದು."

ಸಂತೋಷದ ಸುದ್ದಿ. ಮತ್ತೊಮ್ಮೆ ಓದಿದೆ, ತಿದ್ದುವಂಥದ್ದೇನೂ ಇರಲಿಲ್ಲ. ಕೆಳಗೆ ಹೋಗಿ ಬೀಗ ತೆಗೆದೆ. ಸಂಜೆ ಹೆಂಡತಿ ಬರುವ ಹೊತ್ತಿಗೆ ಆ ತೂತಿನಲ್ಲಿ ಮೂರನೇ ಮಹಡಿಯ ಯಾರದೋ ಬೀಗವಿತ್ತು.