ಕಂಬಳಿಯ ಮೇಲಿಟ್ಟ ಕಾಯಿಲ್

ನಿನ್ನೆ ಮಧ್ಯಾಹ್ನ ನಮ್ಮ ಯಜಮಾನರ ರಜಾಯಿಯೊಳಗಿನಿಂದ ಸುಟ್ಟ ವಾರ್ನಿಶ್ ವಾಸನೆ ಬಂತು. ಇದು ಮೂರನೇ ಸಲ. ಮುಖಕ್ಕೆ ಹಿಡಿದಿದ್ದ ಔಷಧಿಯ ಹಬೆ ಅರ್ಧಕ್ಕೇ ನಿಂತಿತು; ಅವರು ನನ್ನನ್ನೇ ನೋಡಿದರು. ರಜಾಯಿ ಸರಿಸಿ, ಹಬೆ ಯಂತ್ರಕ್ಕೆ ಕರೆಂಟು ಕೊಡುವ ಬಿಸಿ ಸರ್ಕ್ಯೂಟನ್ನು ಎಳೆದು ನೆಲಕ್ಕಿಟ್ಟು, ನನಗಷ್ಟೇ ಕೇಳುವಂತೆ ಇಂಗ್ಲಿಷಿನಲ್ಲಿ ಬೈದೆ. ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ ಇಂಗ್ಲಿಷ್ ಅಲ್ಲ ಅದು. ಆ ವಾಸನೆಯ ಬೆನ್ನಿಗೇ ವಾಡಿ ಸ್ಟೇಷನ್ ಹತ್ತಿರದ ಒಂದು ಇಕ್ಕಟ್ಟಿನ ರಿಪೇರಿ ಅಂಗಡಿ ನೆನಪಾಯಿತು, ಅದರಲ್ಲಿ ತಲೆ ಬಗ್ಗಿಸಿ ಕೂತಿರುತ್ತಿದ್ದ ರೇಡಿಯೋ ಕಾಕಾ...

ನಮ್ಮವರು ಇಡೀ ಆಯುಷ್ಯ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಗಣಿಗಳಲ್ಲಿ ನಿಂತು ಕೆಲಸ ಮಾಡಿಸಿದವರು. ಧೂಳೆಲ್ಲ ಎದೆಯಲ್ಲಿ ಕೂತಿದೆ. ದಿನಕ್ಕೆ ಮೂರು ಸಲ ಔಷಧಿಯ ಹಬೆ ಒಳಗೆ ಹೋಗಲೇಬೇಕು. ಬಾಯಿಗಿಟ್ಟು ಎಳೆಯುವ ಪಂಪು ಇದೆ, ಆದರೆ ಅದನ್ನು ಎಳೆಯುವಷ್ಟು ಉಸಿರು ಅವರಲ್ಲಿಲ್ಲ. ಹಬೆ ಯಂತ್ರಕ್ಕೆ ಒಂಬತ್ತು ವೋಲ್ಟ್ ಬೇಕು. ಶಹಾಬಾದಿನ ಕರೆಂಟು ನಮ್ಮನ್ನು ಕೇಳಿ ಹೋಗುವುದಿಲ್ಲ. ನಮ್ಮ ಪವರ್ ಬ್ಯಾಂಕ್ ಕೊಡುವುದು ಐದು. ಬ್ಯಾಟರಿ ಸೆಲ್ಲು ನಾಲ್ಕಕ್ಕೂ ಕಡಿಮೆ. ಆ ನಾಲ್ಕನ್ನು ಒಂಬತ್ತಕ್ಕೆ ಏರಿಸುವ ಪುಟ್ಟ ಸರ್ಕ್ಯೂಟೇ ಬೂಸ್ಟ್ ಕನ್ವರ್ಟರ್. ನಡುವೆ ಒಂದು ಐಸಿ, ಅದರ ಸುತ್ತ ನಾವೇ ಆರಿಸಿ ಹಾಕಬೇಕಾದ ಕಾಯಿಲ್, ಡಯೋಡ್, ಕೆಪಾಸಿಟರ್. ಮೂವತ್ತು ವರ್ಷ ಫಿಸಿಕ್ಸ್ ಹೇಳಿದವಳಿಗೆ ಇದೇನು ಮಹಾ ಅಂದುಕೊಂಡಿದ್ದೆ. ಸಿಲ್ಲಿ ವುಮನ್.

ಆರು ವರ್ಷದ ಹಿಂದೆ ಆ ಐಸಿಯ ಡೇಟಾಶೀಟಿನ ಪ್ರಿಂಟೌಟ್ ಹಿಡಿದು, ಅದರಲ್ಲಿದ್ದ ಸಾಮಾನನ್ನೆಲ್ಲ ಕಲಬುರಗಿಯಿಂದ ತರಿಸಿಕೊಂಡು, ಪ್ಯಾಸೆಂಜರ್ ಗಾಡಿ ಹತ್ತಿ ಕಾಕಾನ ಅಂಗಡಿಗೆ ಹೋದೆ. ಯಜಮಾನರು ಮಲಗಿದಲ್ಲೇ ಹಬೆ ಎಳೆಯುತ್ತಾರೆ, ತಂತಿ ಗಿಡ್ಡ, ಇದು ರಜಾಯಿಯೊಳಗೇ ಇರುತ್ತದೆ; ನೀವು ಬರೀ ಸೋಲ್ಡರ್ ಮಾಡಿಕೊಟ್ಟರೆ ಸಾಕು, ಆರಿಸುವುದೆಲ್ಲ ಆಗಿದೆ ಎಂದೆ. ಅವರು ಚೀಲವನ್ನು ಮೇಜಿನ ಮೇಲೆ ಸುರುವಿ, ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ನನ್ನ ಡಯೋಡನ್ನು ಬದಿಗೆ ತಳ್ಳಿದರು.

“ಇದು ಸಾವಕಾಶ ನಡಿಯೋದ್ರಿ ಅಕ್ಕೋರ. ಇಲ್ಲಿ ಸೆಕೆಂಡಿಗಿ ಲಕ್ಷ ಸರ್ತಿ ಬಾಗಲ ತಗದು ಹಾಕಬೇಕಾಗ್ತದ.”

ಆಮೇಲೆ ಶೇಂಗಾ ಬೀಜದಷ್ಟಿದ್ದ ನನ್ನ ಕಾಯಿಲನ್ನೂ ತಳ್ಳಿದರು. ನಂಬರು ಬರೋಬ್ಬರಿ ಅದೆ, ತಾಕತ್ತು ಇಲ್ಲ ಅಂದರು. ಡೇಟಾಶೀಟ್ ಇಪ್ಪತ್ತೆರಡು ಮೈಕ್ರೋಹೆನ್ರಿ ಅಂದಿದೆ, ಇದೂ ಇಪ್ಪತ್ತೆರಡೇ ಎಂದು ನಾನು ವಾದಿಸಿದೆ. ಅದಕ್ಕೆ ಕಾಕಾ, ಯಂತ್ರ ಅರ್ಧ ಆಂಪಿಯರ್ ಕೇಳಿದರೆ ಸೆಲ್ಲಿನಿಂದ ಅದರ ಮೂರು ಪಟ್ಟು ಈ ಕಾಯಿಲಿನಲ್ಲೇ ಹಾಯಬೇಕು. ಕೊಡ ತುಂಬಿದ ಮೇಲೆ ಸುರಿದದ್ದೆಲ್ಲ ಬಿಸಿಯಾಗಿ ಹೋಗುತ್ತದೆ ಎಂದರು. ಒಂದು ಸತ್ತ ಕಂಪ್ಯೂಟರಿನ ಡಬ್ಬಿಯಿಂದ ಹಳದಿ ಉಂಗುರ ಕಿತ್ತು, ದಪ್ಪ ತಂತಿಯನ್ನು ಬೆರಳಿಂದ ಒತ್ತೊತ್ತಿ ಸುತ್ತಿದರು. ಎಷ್ಟು ಸುತ್ತು ಎಂದು ಪೆನ್ನು ಹಿಡಿದು ಕೇಳಿದರೆ, ಕೈಗೆ ಗೊತ್ತಿದೆ ಎಂದುಬಿಟ್ಟರು. ಸ್ಟೆಪ್ಸ್ ಬರೆಯದ ಹುಡುಗಿಯರಿಗೆ ಸೊನ್ನೆ ಕೊಟ್ಟವಳು ನಾನು. ಎಷ್ಟು ಸಿಟ್ಟು ಬಂದಿರಬೇಡ.

ಮುಗಿಯಿತು ಅನ್ನುವಷ್ಟರಲ್ಲಿ ಒಂದು ಕಂಬಳಿ ಮಡಿಸಿ, ಸರ್ಕ್ಯೂಟನ್ನು ಅದರ ಮೇಲಿಟ್ಟು, ತುದಿಯನ್ನು ಹೊದಿಸಿ, ಒಂದು ತಾಸು ನಡೆಯಲಿ ಎಂದರು. ನನಗೆ ಗಾಡಿಯ ಹೊತ್ತು. ಕಾಲ ಕೆಳಗೇ ಇಷ್ಟು ಸಪಾಟಾದ ಫರಸಿ ಇದೆಯಲ್ಲ, ಅದರ ಮೇಲಿಟ್ಟು ಬೇಗ ನೋಡಿ ಕೊಡಿ, ಈ ಹೊಲಸು ಕಂಬಳಿ ಯಾಕೆ ಎಂದೆ. ಕಾಕಾ ತಲೆ ಎತ್ತಲೂ ಇಲ್ಲ.

“ಯಾಕ್ರಿ ಅಕ್ಕೋರ, ಯಜಮಾನ್ರು ಫರಸಿ ಮ್ಯಾಲ ಮಲಗ್ತಾರೇನ್ರಿ?”

ಬಾಗಿಲಲ್ಲಿ ನಿಂತಿದ್ದ ಚಹಾದವನು ನಕ್ಕ. ವಾಟ್ ಚೀಕ್, ಎಷ್ಟು ಸೊಕ್ಕು ಅಂದುಕೊಂಡೆ. ತಾಸು ಕಳೆದ ಮೇಲೆ ಅವರು ಬೆರಳಿಟ್ಟು ನೋಡಿ, ಒಯ್ಯಿರಿ ಎಂದಾಗ ಥ್ಯಾಂಕ್ಸ್ ಕೂಡ ಸರಿಯಾಗಿ ಹೇಳಲಿಲ್ಲ...

ಅದು ಆರು ವರ್ಷ ನಡೆಯಿತು, ಒಂದು ದಿನವೂ ಕೈಕೊಡದೆ. ಎರಡು ವರ್ಷದ ಹಿಂದೆ ಕಾಕಾ ತೀರಿಕೊಂಡರು. ಅಂಗಡಿಯಲ್ಲೀಗ ಮೊಬೈಲ್ ಕವರ್ ತೂಗುತ್ತವೆ. ಹೋದ ತಿಂಗಳು ಸರ್ಕ್ಯೂಟು ಮಂಚದಿಂದ ಫರಸಿಯ ನೆಲಕ್ಕೆ ಬಿದ್ದು ಹಳದಿ ಉಂಗುರ ಎರಡು ಹೋಳಾಯಿತು. ತಂತಿ ಮಾತ್ರ ಹೋಳುಗಳನ್ನು ಬಿಡದೆ ಹಿಡಿದಿತ್ತು.

ಅಂದಿನಿಂದ ಶುರುವಾಯಿತು ನನ್ನ ಅಲೆದಾಟ. ಒಂದು ಕಾಯಿಲ್ ಕಲಬುರಗಿಯದು, ಒಂದು ಪಾರ್ಸೆಲಿನಲ್ಲಿ ಬಂದದ್ದು, ಒಂದು ಸೇಡಂನದು. ಸೇಡಂ ಅಂಗಡಿಯವನು ಎಲ್ಲಾ ಒಂದೇ ಮೇಡಂ ಅಂದ. ಪ್ರತಿಯೊಂದನ್ನೂ ಬೆಸೆದು, ನಮ್ಮ ನೆಲದ ಮೇಲಿಟ್ಟು, ಗಡಿಯಾರ ನೋಡಿ ಒಂದು ತಾಸು ನಡೆಸಿದೆ. ಕಾಯಿಲ್ ತಣ್ಣಗೆ, ಒಂಬತ್ತು ವೋಲ್ಟ್ ಪಕ್ಕಾ. ಮಂಚಕ್ಕೆ ಹೋದರೆ ಹತ್ತು ನಿಮಿಷಕ್ಕೆ ಸರ್ಕ್ಯೂಟಿಗೆ ಸಾವು. ಕೆಪಾಸಿಟರ್ ಬದಲಿಸಿದೆ, ವೋಲ್ಟೇಜು ನಿಗದಿ ಮಾಡುವ ರೆಸಿಸ್ಟರುಗಳನ್ನು ಮತ್ತೆ ಮತ್ತೆ ಅಳೆದೆ. ಪುಸ್ತಕದಲ್ಲಿ ತಪ್ಪಿಲ್ಲ, ನನ್ನಲ್ಲೂ ತಪ್ಪಿಲ್ಲ, ಗಂಡನಿಗೆ ಮಾತ್ರ ಉಸಿರಿಲ್ಲ. ಹಾರಿಬಲ್.

ನಿನ್ನೆ ಕರೆಂಟು ಬಂದು, ಉಳಿದ ಹಬೆ ಮುಗಿದ ಮೇಲೆ, ಅವರು ಮೆಲ್ಲಗೆ ಅಂದರು:

“ನೆಲದ ಮ್ಯಾಲ ಛಂದ ನಡೀತದಲ್ಲ. ನನ್ನೂ ಅಲ್ಲೇ ಮಲಗಸು.”

ನಾನು ಬಗ್ಗಿ ನೆಲಕ್ಕೆ ಅಂಗೈ ಇಟ್ಟೆ. ಬೇಸಿಗೆಯಲ್ಲಿ ನಾವೆಲ್ಲ ಬೆನ್ನು ತಣ್ಣಗಾಗಲೆಂದು ಉರುಳುವುದು ಇದೇ ಫರಸಿಯ ಮೇಲೆ. ಕಾಯಿಲಿನ ಬಿಸಿಯನ್ನೂ ಅದೇ ಕುಡಿಯುತ್ತಿತ್ತು. ನಾನು ತಣ್ಣಗಿದೆ ಎಂದು ಬರೆದುಕೊಳ್ಳುತ್ತಿದ್ದೆ. ಆರು ವರ್ಷದ ಹಿಂದೆ ಒಬ್ಬರು ಇದನ್ನೇ ಹೇಳಿದ್ದರು, ನಾನು ಚೇಷ್ಟೆ ಅಂದುಕೊಂಡಿದ್ದೆ...

ಶಾಲೆಯ ಹಳೇ ಕಂಪ್ಯೂಟರಿನಿಂದ ಅಂಥದೇ ಹಳದಿ ಉಂಗುರ ತರಿಸಿದೆ. ಸುತ್ತು ಎಷ್ಟೆಂದು ತಿಳಿಯಲು ಕಾಕಾನ ಕಾಯಿಲನ್ನು ಬಿಚ್ಚಲೇಬೇಕಾಯಿತು. ಅರ್ಧ ಬಿಚ್ಚಿದಾಗ ಯಜಮಾನರಿಗೆ ಕೆಮ್ಮು ಬಂತು, ಎದ್ದು ಹೋಗಿ ಬರುವಷ್ಟರಲ್ಲಿ ಎಣಿಕೆ ಮರೆತೆ. ಅಳುವೇ ಬಂತು. ಆಮೇಲೆ ನೋಡಿದರೆ ತಂತಿಯಲ್ಲಿ ಕಾಕಾ ಒತ್ತಿದ ಮಡಿಕೆಗಳು ಹಾಗೇ ಉಳಿದಿದ್ದವು, ಒಂದೊಂದು ಸುತ್ತಿಗೂ ನಾಲ್ಕರಂತೆ. ಕನ್ನಡಕ ಏರಿಸಿಕೊಂಡು ಅವನ್ನೇ ಎಣಿಸಿದೆ. ಅದೇ ತಂತಿಯನ್ನು ಅದೇ ಮಡಿಕೆಗಳಲ್ಲಿ ಹೊಸ ಉಂಗುರಕ್ಕೆ ಸುತ್ತಿದೆ.

ಇವತ್ತು ಕಂಬಳಿ ಮಡಿಸಿ, ತುದಿ ಹೊದಿಸಿ, ಒಂದು ತಾಸು ಪಕ್ಕದಲ್ಲೇ ಕೂತೆ. ಬೆರಳಿಗೆ ಬರೀ ಉಗುರುಬೆಚ್ಚಗೆ. ಈಗ ಅದು ರಜಾಯಿಯೊಳಗಿದೆ, ಅವರು ಹಬೆ ಎಳೆದುಕೊಳ್ಳುತ್ತಿದ್ದಾರೆ.

ಇಲ್ಲ ಕಾಕಾ, ಫರಸಿ ಮೇಲೆ ಮಲಗುವುದಿಲ್ಲ. ಇಷ್ಟು ಹೇಳಲು ನನಗೆ ಆರು ವರ್ಷ ಬೇಕಾಯಿತು. ವಾಡಿಗೆ ಗಾಡಿಗಳು ಇವತ್ತೂ ಬೇಕಾದಷ್ಟಿವೆ, ಅಂಗಡಿಯಲ್ಲಿ ನೀವಿಲ್ಲ...