ಮಾಮಾನ ಸಾವಿಗೆ ನಾನು ಕೊಟ್ಟ ಕಾರಣ

ಲಿವರ್ ಕೆಟ್ಟು ಸತ್ತವರಲ್ಲಿ ಎಷ್ಟು ಜನ ಹೆಪಟೈಟಿಸ್ ಸಿ ಸೋಂಕಿನಿಂದ ಸತ್ತರು ಎಂದು ಎಣಿಸುವ ಸಮೀಕ್ಷೆಯಲ್ಲಿ ನನಗೆ ಕೆಲಸ. ನಾಗಪುರದ ಆಸ್ಪತ್ರೆಗಳ ಮರಣಪತ್ರ ಓದಿ, ಕಾರಣದ ಸಾಲಿನಲ್ಲಿದ್ದುದನ್ನು ಕಂಪ್ಯೂಟರಿಗೆ ಹಾಕಬೇಕು. ಬರೆಯದೇ ಬಿಟ್ಟದ್ದು ಲೆಕ್ಕಕ್ಕಿಲ್ಲ. ಸೇರಿದ ವಾರವೇ ಸಮೀಕ್ಷೆ ನಡೆಸುವ ಮೇಡಂ ಜೊತೆ ವಾದಕ್ಕೆ ನಿಂತೆ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳನ್ನು ಗೆದ್ದವಳು, ಸುಮ್ಮನಿರುತ್ತೇನೆಯೇ?

"ಡಾಕ್ಟರೇ ತಪ್ಪು ಬರೆದಿದ್ದರೆ ನಮ್ಮ ಅಂಕಿಯೂ ಸುಳ್ಳಲ್ಲವೇ ಮೇಡಂ?"

"ಪುರಾವೆ ತಾ, ಆಮೇಲೆ ಮಾತಾಡು."

ಅದಾದ ಮೂರನೇ ದಿನ ನನ್ನ ಪಾಲಿನ ಕಟ್ಟಿನಲ್ಲೇ ಸೋದರಮಾವನ ಮರಣಪತ್ರದ ಹಾಳೆ ಬಂತು. ಕಾರಣ: ಮದ್ಯಪಾನದಿಂದ ಲಿವರ್ ಸಿರೋಸಿಸ್.

ಆ ಮಾತು ನನ್ನದು. ಅವತ್ತು ಆಸ್ಪತ್ರೆಯಲ್ಲಿ ಮಾಮಾಗೆ ಎಚ್ಚರವಿರಲಿಲ್ಲ, ಮಾಮಿ ಔಷಧ ತರಲು ಕೆಳಗೆ ಹೋಗಿದ್ದರು. "ಪೀತೇ ಥೇ ಕ್ಯಾ?", ಕುಡಿಯುತ್ತಿದ್ದರಾ ಎಂದು ಡಾಕ್ಟರ್ ಕೇಳಿದಾಗ "ಹಾಂ, ಪೀತೇ ಥೇ" ಎಂದುಬಿಟ್ಟೆ. ಕಣ್ಣಾರೆ ಕಂಡದ್ದೇನು? ಎರಡು ಮದುವೆಗಳಲ್ಲಿ ಕೈಯಲ್ಲೊಂದು ಗ್ಲಾಸು. ಉಳಿದದ್ದು ತರ್ಕ: ಲಿವರ್ ಹೋಗಿದೆ, ಇನ್ನೇನು ಕಾರಣವಿದ್ದೀತು?

ಮಾಮಾ ತೀರಿಕೊಂಡ ನಾಲ್ಕು ದಿನಕ್ಕೆ ಮಾಮಿ ಫೋನ್ ಮಾಡಿದ್ದರು. "ಲ್ಯಾಬಿಂದ ರಿಪೋರ್ಟ್ ಬಂದೈತಿ. ಎಲ್ಲಾ ಇಂಗ್ಲಿಷ್‌ನ್ಯಾಗ ಐತಿ, ಬಂದು ಓದಿ ಹೇಳವಾ."

"ಈಗ ಓದಿ ಏನ್ ಮಾಡೂದೈತಿ ಮಾಮಿ? ಇಟ್ಟುಬಿಡ್ರಿ."

ಹಾಳೆ ಕಂಡ ಸಂಜೆಯೇ ಮನೀಶ್ ನಗರದ ಮಾಮಿಯ ಮನೆಗೆ ಹೋದೆ. ಉಳಿದ ಮಾತ್ರೆಗಳ ಜೊತೆ ರಿಪೋರ್ಟು ಪ್ಲಾಸ್ಟಿಕ್ ಚೀಲದಲ್ಲೇ ಇತ್ತು. ಹೆಪಟೈಟಿಸ್ ಸಿ. ವರ್ಷಗಳ ಹಿಂದೆ ನಾಗಪುರದ ಹೊರವಲಯದ ವಾಡಿಯಲ್ಲಿ ಲಾರಿಯಿಂದ ಬಿದ್ದು ತೊಡೆ ಮುರಿದಾಗ ಮಾಮಾಗೆ ರಕ್ತ ಹಾಕಿಸಿದ್ದರು. ಅದರಿಂದ ಬಂದಿರಬಹುದು. "ಬಹುದು" ಅನ್ನುವ ಎಚ್ಚರ ಡಾಕ್ಟರ್ ಕೇಳಿದ ದಿನ ನನಗಿರಲಿಲ್ಲ.

ಓದಿ ಹೇಳಿದೆ.

"ನೋಡಿದ್ಯಾ!" ಮಾಮಿಯ ದನಿ ಏರಿತು. "ನಮ್ಮ ಮಂದಿನ ನಮ್ಮ ಮನಿಯಾಗ ಉಂಡು, ಕುಡುದ ಸತ್ತ ಅಂದು ಹ್ವಾದ್ರು. ಆ ಡಾಕ್ಟರಗ ಯಾರ್ ಹೇಳಿದ್ರೋ ಏನೋ. ನಿನ್ನ ಬಾಯಿ ಜೋರ್ ಐತಲ್ಲ, ಹೋಗಿ ಬರೋಬರ್ ಕೇಳ್ ಅವಗ."

"ನಾನ ಹೇಳಿದ್ದು, ಮಾಮಿ."

ಅವರು ರಿಪೋರ್ಟನ್ನು ಮಡಚಿದರು, ಬಿಚ್ಚಿದರು. "ಔಷಧ ತರಾಕ ಹೋಗಿದ್ದೆ. ನಾ ಬರೂತನಕ ತಡೀಬೇಕಿತ್ತಲ್ಲವಾ."

ಮರುದಿನ ಆಸ್ಪತ್ರೆಯಲ್ಲಿ ತಿದ್ದುಪಡಿಗೆ ಅರ್ಜಿ ಕೊಟ್ಟೆ. ತಪ್ಪು ಮಾಹಿತಿ ಕೊಟ್ಟವಳು ನಾನೇ ಎಂದು ಬರೆದು ಸಹಿ ಹಾಕಿದೆ. ಆಫೀಸಿನಲ್ಲಿ ರಿಪೋರ್ಟು ನೋಡಿದ ಮೇಡಂ ಮೆತ್ತಗೆ ಹೇಳಿದರು, "ತಿದ್ದಿದ ಪತ್ರ ಬರುವವರೆಗೆ ಇದ್ದದ್ದನ್ನೇ ಹಾಕಬೇಕಮ್ಮ."

ಮಾಮಾನ ಹಾಳೆ ಎದುರಿಗಿಟ್ಟುಕೊಂಡು, ಕಾರಣದ ಮುಂದೆ ಮದ್ಯಪಾನ ಎಂದು ನಾನೇ ಹಾಕಿದೆ.