ಸಂಜೆ ಎಟುಕದ ಕಿರೀಟ

ನನ್ನ ಅಣ್ಣ ಹಳೇಬೀಡಿಗೂ ಮಾದಿಹಳ್ಳಿಗೂ ನಡುವಿನ ಒಂದು ಸಣ್ಣ ಊರಿನಲ್ಲಿ ಕೇಶವ ದೇವಸ್ಥಾನದ ಅರ್ಚಕರಾಗಿದ್ದರು. ಮೂರ್ತಿ ಪೀಠವೂ ಸೇರಿ ಆಳಿಗಿಂತ ಎತ್ತರ. ಹಾರವನ್ನು ಕಿರೀಟದ ಮೇಲಿನಿಂದ ಇಳಿಸಿ ತೊಡಿಸಬೇಕು, ಅದೂ ನೆಲದ ಮೇಲೆ ನಿಂತೇ. ಗರ್ಭಗುಡಿಯಲ್ಲಿ ಮಣೆ ಹಾಕಿ ಏರುವಂತಿಲ್ಲ, ಪೀಠಕ್ಕೆ ಕಾಲು ತಗುಲುವಂತಿಲ್ಲ. ಕೈ ಎಟುಕದವನು ಪೂಜೆಯ ಸರದಿಯನ್ನು ದಾಯಾದಿಗೆ ಬಿಟ್ಟುಕೊಡಬೇಕು. ಇದನ್ನು ಯಾರೂ ಬರೆದಿಟ್ಟಿರಲಿಲ್ಲ. ಆದರೆ ನಮ್ಮ ತಂದೆಗೆ ಸರದಿ ಬಂದದ್ದು ಹಾಗೆಯೇ.

೧೯೫೦ರ ದಶಕದ ಕೊನೆಯಲ್ಲಿ ಅಣ್ಣನಿಗೆ ಐವತ್ತನಾಲ್ಕು ವರ್ಷ ನಡೆಯುತ್ತಿತ್ತು. ಬೆಳಗಿನ ಪೂಜೆಯಲ್ಲಿ ಸಲೀಸಾಗಿ ಇಳಿಯುತ್ತಿದ್ದ ಹಾರ ಸಂಜೆ ಕಿರೀಟದ ತುದಿಗೆ ಸಿಕ್ಕಿಕೊಳ್ಳತೊಡಗಿತು. ನಾನು, ಮನೆಯ ಕೊನೆಯವನು, ಮೈಸೂರಿನಲ್ಲಿ ಪತ್ರಿಕೆಯೊಂದರ ವರದಿಗಾರನಾಗಿದ್ದೆ. ರಜೆಯಲ್ಲಿ ಬಂದಿದ್ದಾಗ ಇದನ್ನು ಕಣ್ಣಾರೆ ಕಂಡೆ. ಅಣ್ಣ ತುದಿಗಾಲಲ್ಲಿ ನಿಂತು ಮೂರನೆಯ ಸಲ ಹಾರ ಎತ್ತಿದಾಗ, ಹೊರಗೆ ನಿಂತಿದ್ದ ಊರಿನ ಪಟೇಲರು ಕೇಳಿದರು:

"ಏನ್ ಅಯ್ನೋರೇ, ದೇವ್ರು ಬೆಳೆದ್ನೋ, ನೀವು ಕುಗ್ಗಿದ್ರೋ?"

ನಾಲ್ಕು ಜನ ನಕ್ಕರು. ಅಣ್ಣ ನಗಲಿಲ್ಲ.

ಮಡಿಯಲ್ಲಿ ಎಲ್ಲೋ ಲೋಪವಾಗಿದೆ, ಅದಕ್ಕೇ ದೇವರು ಹಾರ ಒಪ್ಪುತ್ತಿಲ್ಲ ಎಂಬುದು ಅಣ್ಣನ ತೀರ್ಮಾನ. ಪ್ರಾಯಶ್ಚಿತ್ತವೆಂದು, ಅಭಿಷೇಕಕ್ಕೆ ಬಾವಿಯಿಂದ ದಿನಕ್ಕೆ ಆರು ಕೊಡ ಹೊರುತ್ತಿದ್ದ ಕಡೆ ಹನ್ನೆರಡು ಹೊರಲು ಶುರುಮಾಡಿದ್ದರು.

"ಬೆನ್ನು ಹಿಡ್ಕೊಂಡು ಹೊರಳಾಡ್ತಾರೆ ಕಣೋ," ಎಂದರು ಅತ್ತಿಗೆ. "ಕೇಳಿದ್ರೆ ಏನೂ ಇಲ್ಲ ಅಂತಾರೆ. ಸರದಿ ಹೋಗುತ್ತೆ ಅಂತ ಹೆದರಿಕೆ, ಅಷ್ಟೆ."

ನನಗೆ ವಿಚಿತ್ರವೆನಿಸಿದ್ದು ಬೆಳಗಿಗೂ ಸಂಜೆಗೂ ಇದ್ದ ವ್ಯತ್ಯಾಸ. ಅಣ್ಣ ಹಾಸಿಗೆಯಿಂದ ಎದ್ದ ಕೂಡಲೇ ಬಾಗಿಲ ಚೌಕಟ್ಟಿಗೆ ಒರಗಿಸಿ ನಿಲ್ಲಿಸಿ, ನೆತ್ತಿಯ ಮಟ್ಟಕ್ಕೆ ಪೆನ್ಸಿಲಿನಿಂದ ಗೀಟು ಹಾಕಿದೆ. ಸಂಜೆ ಇನ್ನೊಂದು ಗೀಟು. ಎರಡನೆಯದು ಕಿರುಬೆರಳಿನ ಅಗಲದಷ್ಟು ಕೆಳಗಿತ್ತು. ಮೂರು ದಿನವೂ ಅಷ್ಟೇ. ಗೀಟುಗಳನ್ನು ನೋಡಿದ ಮೇಲೆ ಅಣ್ಣ ಅರಸೀಕೆರೆಯ ಆಸ್ಪತ್ರೆಗೆ ಬರಲು ಒಪ್ಪಿದರು.

ಅಲ್ಲಿನ ಡಾಕ್ಟರು ಎಕ್ಸ್‌ರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಸೊಂಟದ ಹತ್ತಿರ ಮೂಳೆ ಮೂಳೆಗಳ ನಡುವಿನ ಸಂದು ಕಿರಿದಾಗಿತ್ತು.

"ಕಾಮಕಸ್ತೂರಿ ಬೀಜ ನೆನೆಸಿ ನೋಡಿದೀರಾ?" ಎಂದು ಅಣ್ಣನನ್ನು ಕೇಳಿದರು.

"ರಾಮನವಮಿ ಪಾನಕಕ್ಕೆ ಹಾಕ್ತೀವಿ. ಸುತ್ತ ಲೋಳೆ ಕಟ್ಟುತ್ತೆ."

"ಬೆನ್ನುಮೂಳೆಗಳ ಮಧ್ಯೆ ಒಂದೊಂದು ಮೆತ್ತೆ ಇರುತ್ತೆ. ಅದರೊಳಗೂ ಅಂಥದೇ ಲೋಳೆ. ನೀರು ಹಿಡ್ಕೊಂಡಿರೋದೇ ಅದರ ಕೆಲಸ. ಹಗಲೆಲ್ಲ ಮೈಭಾರ ಬಿದ್ದು ನೀರು ಹೊರಗೆ ಜಿನುಗುತ್ತೆ, ಮಲಗಿದಾಗ ವಾಪಸ್ ಹೀರ್ಕೊಳ್ಳುತ್ತೆ."

"ಅಂದ್ರೆ ನನ್ನ ಬೆನ್ನಲ್ಲಿ ಪಾನಕ ಇದೆ ಅನ್ನಿ."

"ಇತ್ತು," ಎಂದರು ಡಾಕ್ಟರು. "ಈಗ ಆರ್ತಾ ಇದೆ."

ಉಳಿದದ್ದನ್ನು ನಾನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ಲೋಳೆಯಲ್ಲಿ ನೀರನ್ನು ಹಿಡಿದಿಡುವುದು ಸಕ್ಕರೆ ಜಾತಿಯ ಒಂದು ಪದಾರ್ಥ, ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ವಯಸ್ಸಾದಂತೆ ಅದು ತುಂಡಾಗಿ ಕಡಿಮೆಯಾಗುತ್ತದೆ. ಅದರ ಜಾಗಕ್ಕೆ ನಾರು ಬರುತ್ತದೆ. ತಿಳಿಯಾಗಿದ್ದ ಲೋಳೆ ಹಳದಿಗೆ ತಿರುಗಿ ಗಟ್ಟಿಯಾಗುತ್ತದೆ. ಮೆತ್ತೆಯ ನಡುವಿಗೆ ರಕ್ತನಾಳಗಳು ಹೋಗುವುದಿಲ್ಲ. ಪೋಷಣೆ ಅಂಚಿನಿಂದ ಒಸರಿಯೇ ಒಳಗೆ ಬರಬೇಕು. ಆದ್ದರಿಂದ ಒಮ್ಮೆ ಕೆಟ್ಟದ್ದು ಮೊದಲಿನಂತಾಗುವುದಿಲ್ಲ. ಸಕ್ಕರೆ ಎಂದ ಕೂಡಲೇ ಅಣ್ಣ ಮಧುಮೇಹವೇ ಎಂದು ಗಾಬರಿಯಾದರು. ಅದಲ್ಲವೆಂದು ಡಾಕ್ಟರು ಎರಡು ಸಲ ಹೇಳಬೇಕಾಯಿತು.

"ಕೊಡ ಹೊರೋದು ಬಿಡಿ. ಸಂಜೆ ಪೂಜೆಗೆ ಮುಂಚೆ ಒಂದು ಗಂಟೆ ಅಂಗಾತ ಮಲಗಿ. ಸದ್ಯಕ್ಕೆ ಎಟುಕಬಹುದು. ಎಷ್ಟು ದಿನ ಅಂತ ನಾನು ಹೇಳಲಾರೆ."

ಹಗಲು ನಿದ್ದೆ ಮಾಡಿದರೆ ಮಡಿ ಕೆಡುತ್ತದೆ. ಹಾಗಾಗಿ ಅಣ್ಣ ನಡುಮನೆಯ ಚಾಪೆಯ ಮೇಲೆ ಕಣ್ಣು ತೆರೆದುಕೊಂಡೇ ಮಲಗಿದರು. ರೆಪ್ಪೆ ಮುಚ್ಚದಂತೆ ಮಾತಾಡಿಸುವುದು ಅತ್ತಿಗೆಯ ಪಾಲಿಗೆ ಬಂತು. ಇಪ್ಪತ್ತೈದು ವರ್ಷದಿಂದ ಹೇಳದೆ ಉಳಿಸಿಕೊಂಡಿದ್ದ ದೂರುಗಳನ್ನೆಲ್ಲ ಅವರು ಆ ಹೊತ್ತಿನಲ್ಲಿ ಹೇಳಿ ಮುಗಿಸಿದರೆಂದು ಆಮೇಲೆ ತಿಳಿಯಿತು.

ಹಾರ ಮತ್ತೆ ಎಟುಕಿತು. ಎರಡು ವರ್ಷ ಹಾಗೇ ನಡೆಯಿತು. ಮೂರನೆಯ ವರ್ಷ ನಾನು ಊರಿಗೆ ಹೋದಾಗ, ಒಂದು ಗಂಟೆ ಮಲಗಿ ಎದ್ದರೂ ಸಂಜೆಯ ಹಾರ ಕಿರೀಟ ದಾಟುತ್ತಿರಲಿಲ್ಲ. ಬೆಳಗ್ಗೆ ಮಾತ್ರ ಹೇಗೋ ಇಳಿಯುತ್ತಿತ್ತು. ಆ ರಜೆಯಲ್ಲಿ ಒಂದು ದಿನ ಅಣ್ಣ ಪಟೇಲರ ಮನೆಗೆ ತಾವಾಗಿಯೇ ಹೋದರು. ನಾನೂ ಜೊತೆಗಿದ್ದೆ.

"ಬೆಳಗಿನ ಪೂಜೆ ನನಗಿರಲಿ. ಸಂಜೆಯದು ಇನ್ನು ದಾಯಾದಿ ಮಾಡಲಿ."

ಪಟೇಲರು ಗಲಿಬಿಲಿಗೊಂಡರು. "ಅವತ್ತು ನಾನು ತಮಾಸೆಗಂದದ್ದು ಅಯ್ನೋರೇ. ಪರದೆ ಎಳ್ಕೊಂಡು ಒಂದು ಮಣೆ ಹಾಕ್ಕಳಿ. ಒಳಗೆ ಯಾರು ನೋಡ್ತಾರೆ?"

"ನಾನು ನೋಡ್ತೀನಲ್ಲ," ಎಂದರು ಅಣ್ಣ.

ದಾಯಾದಿ ಎಂದರೆ ನಮ್ಮ ಚಿಕ್ಕಪ್ಪನ ಮಗ; ಅವನಿಗೆ ಆಗ ನಲವತ್ತು ದಾಟಿರಲಿಲ್ಲ. ಮಾರನೆಯ ಸಂಜೆ ಅವನು ಹಾರವನ್ನು ಒಂದೇ ಸಲಕ್ಕೆ ಇಳಿಸಿದ. ಮಂಗಳಾರತಿಯಾಗಿ ಹೊರಗೆ ಬಂದವನು ಸಾಲಿನಲ್ಲಿ ಅಣ್ಣನನ್ನು ಕಂಡು ತಡೆದು ನಿಂತ. ತೀರ್ಥ ಯಾರಿಗೆ ಮೊದಲು ಕೊಡಬೇಕೆಂದು ಅವನಿಗೆ ತೋಚಲಿಲ್ಲ.

"ಸಾಲಾಗೇ ಕೊಡ್ತಾ ಬಾರಪ್ಪ," ಎಂದು ಅಣ್ಣ ಪಟೇಲರ ಹಿಂದೆ, ಏಳನೆಯವರಾಗಿ, ಕೈ ಒಡ್ಡಿಕೊಂಡು ಕಾದರು.